ಜೋಡಿಗೊಂದು ಓ

ಸೇಡಂನಿಂದ ವಾಡಿಗೆ ಹೋಗುವ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ನಾನು ಮಡಚಿದ ರಬ್ಬರು ಚೀಲವೊಂದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುತ್ತಿದ್ದೆ. ಅದೇನೆಂದು ಕೇಳದವರಿರಲಿಲ್ಲ. ಉಸಿರು ತುಂಬುವ ಚೀಲ ಎಂದರೆ ನಗುತ್ತಿದ್ದರು. ಚಿತ್ತಾಪುರದಲ್ಲಿ ಮೊಸರಿನ ಗಡಿಗೆ ಹೊತ್ತು ಹತ್ತುತ್ತಿದ್ದ ಹೆಂಗಸೊಬ್ಬಳು, ಮುಂಜಾನೆ ಖಾಲಿ ಒಯ್ಯುತ್ತೀ, ಸಂಜೆ ಖಾಲಿ ತರುತ್ತೀ, ನಿನ್ನ ವ್ಯಾಪಾರ ನನಗೆ ತಿಳಿಯಲೊಲ್ಲದು ಎಂದು ಚೇಷ್ಟೆ ಮಾಡುತ್ತಿದ್ದಳು. ನಾನೂ ನಗುತ್ತಿದ್ದೆ. ಆ ಸಂತೆಯ ದಿನದ ನಂತರ ನಗಲಿಲ್ಲ ಎಂಬುದಷ್ಟು ನೆನಪಿದೆ.

ನಾನು ಓದಿದ್ದು ಶರೀರಕ್ರಿಯಾಶಾಸ್ತ್ರ. ಅದರಲ್ಲೂ ದುಡಿಯುವಾಗ ಮೈ ಏನು ಮಾಡುತ್ತದೆ, ಎಷ್ಟು ಗಾಳಿ ಎಳೆಯುತ್ತದೆ, ತಿಂದ ಅನ್ನವನ್ನು ಹೇಗೆ ಸುಡುತ್ತದೆ ಎಂಬ ಭಾಗ. ಮೈಸೂರು ರಾಜ್ಯ ಕರ್ನಾಟಕವಾಗಿ ಕೆಲವು ವರ್ಷ ಕಳೆದಿದ್ದವು. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ನನಗೆ ಪಿಎಚ್.ಡಿ.ಗೆಂದು ರಜೆ ಸಿಕ್ಕಿತ್ತು. ಸೇಡಂನ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾಗಿದ್ದ ಅಪ್ಪನ ಮನೆಯಲ್ಲೇ ಇದ್ದುಕೊಂಡು ಕೆಲಸ ಮಾಡುತ್ತಿದ್ದೆ. ರಜೆ ಮುಗಿಯುವುದರೊಳಗೆ ಪ್ರಬಂಧ ಮುಗಿಯಬೇಕು. ಮುಗಿಯದಿದ್ದರೆ ಮತ್ತೆ ರಜೆಯಿಲ್ಲ. ಮದುವೆಯ ಮಾತು ತೆಗೆಯುವವರಿಗೆ ಅಪ್ಪ ಆ ಪ್ರಬಂಧವನ್ನೇ ಅಡ್ಡ ಹಿಡಿದು ನಿಂತಿದ್ದರು. ಆದ್ದರಿಂದ ಅದು ಮುಗಿಯದೆ ಹೋದರೆ ನನ್ನ ಜೊತೆ ಅವರಿಗೂ ಮುಖಭಂಗ.

ನನ್ನ ಮಾರ್ಗದರ್ಶಕರದು ಒಂದು ನಂಬಿಕೆ. ಜೋಳದ ರೊಟ್ಟಿ ತಿಂದು ದಿನವಿಡೀ ಕಲ್ಲು ಒಡೆಯುವವನ ಎದೆ ಓಟಗಾರನ ಎದೆಗಿಂತ ಗಟ್ಟಿ ಇರಬೇಕು. ಅದನ್ನು ಅಳತೆಯಿಂದ ತೋರಿಸಬೇಕು. ಒಳ್ಳೆಯ ಮನುಷ್ಯರೇ. ಆದರೆ ಉತ್ತರ ಮೊದಲೇ ಬರೆದಿಟ್ಟು ಲೆಕ್ಕ ಕೊಡುವ ಮಾಸ್ತರರ ಹಾಗೆ. ನಾನು ತಂದ ಅಂಕಿಗಳು ಆ ಉತ್ತರಕ್ಕೆ ಹೊಂದುತ್ತಿರಲಿಲ್ಲ. ಕಲ್ಲಿನ ಖಣಿಗೆ ಹೊಸದಾಗಿ ಬಂದವರ ಉಸಿರು ಅವರು ಹೇಳಿದಂತೆಯೇ ಇರುತ್ತಿತ್ತು. ವರ್ಷಗಟ್ಟಲೆ ದೂಳಿನಲ್ಲಿ ನಿಂತವರದು ನಲವತ್ತು ತುಂಬುವ ಮೊದಲೇ ಮುದುಕರ ಉಸಿರಾಗಿರುತ್ತಿತ್ತು. ಯಂತ್ರ ಸರಿಯಾಗಿ ನೋಡು, ಇನ್ನಷ್ಟು ಜನರನ್ನು ಅಳೆ ಎಂದು ಅವರು ಪತ್ರ ಬರೆಯುತ್ತಿದ್ದರು.

ಇನ್ನಷ್ಟು ಜನರನ್ನು ಎಲ್ಲಿಂದ ತರಲಿ? ವಾಡಿಯಿಂದ ಶಹಾಬಾದದ ಕಡೆಗೆ ಹೋಗುವ ದಾರಿಯಿಂದ ಒಳಕ್ಕೆ ಸರಿದಿದ್ದ, ಒಬ್ಬ ಗುತ್ತಿಗೆದಾರನ ಸುಣ್ಣಗಲ್ಲಿನ ಖಣಿ ಅದು. ತಗಡಿನ ಒಂದು ಚಪ್ಪರದ ಕೆಳಗೆ ನನ್ನ ಮೇಜು. ಅದರ ಮೇಲೆ ನೀರಿನಲ್ಲಿ ತೇಲುವ ಡಬ್ಬಿಯ ಯಂತ್ರ. ಕೊಳವೆಗೆ ಬಾಯಿಟ್ಟು ಜೋರಾಗಿ ಊದಿದರೆ ಡಬ್ಬಿ ಮೇಲೇಳುತ್ತದೆ, ಎಷ್ಟು ಎದ್ದಿತೋ ಅಷ್ಟು ಉಸಿರು. ಮೊದಲ ತಿಂಗಳು ಅದನ್ನು ಊದಲು ಬಂದವರು ಬೆರಳೆಣಿಕೆಯಷ್ಟು. ಯಾರೋ ಊದಿದ ಕೊಳವೆಗೆ ಬಾಯಿ ಇಡುವುದು ಎಂಜಲು ಎಂದು ಕೆಲವರು, ಉಸಿರು ಹಿಡಿದಿಟ್ಟರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೆಲವರು ದೂರ ಉಳಿದರು. ಊಟದ ಪ್ರಶ್ನೆಗಳಿಗೆ ಮಾತ್ರ ಎಲ್ಲರೂ ಉತ್ತರಿಸುತ್ತಿದ್ದರು, ಮತ್ತು ಎಲ್ಲರೂ ಸುಳ್ಳು ಹೇಳುತ್ತಿದ್ದರು. ಎಷ್ಟು ರೊಟ್ಟಿ ತಿಂದಿರಿ ಎಂದರೆ ಆರು, ಎಂಟು. ಬುತ್ತಿ ಬಿಚ್ಚಿದರೆ ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಓದಿದ ಹೆಣ್ಣುಮಗಳ ಮುಂದೆ ಹಸಿವನ್ನು ಹೇಳಿಕೊಳ್ಳುವ ರೂಢಿ ಅಲ್ಲಿರಲಿಲ್ಲ. ಬೆಲ್ಲದ ವಿಷಯದಲ್ಲಿ ಮಾತ್ರ ಯಾರೂ ಸುಳ್ಳಾಡಲಿಲ್ಲ. ಪ್ರತಿಯೊಬ್ಬರ ಸೊಂಟದ ಗಂಟಿನಲ್ಲಿ ಒಂದು ಹರಳು ಇರುತ್ತಿತ್ತು. ಬೆಲ್ಲ ನುಂಗಿದರೆ ಗಂಟಲಿನ ದೂಳು ಹೊಟ್ಟೆಗೆ ಇಳಿಯುತ್ತದೆ, ಎದೆಗೆ ಇಳಿಯುವುದಿಲ್ಲ ಎಂದು ಅವರ ಲೆಕ್ಕ. ಅನ್ನದ ದಾರಿ ಬೇರೆ, ಗಾಳಿಯ ದಾರಿ ಬೇರೆ ಎಂದು ಚಿತ್ರ ಬರೆದು ತೋರಿಸಿದ್ದೆ. ತಲೆಯಾಡಿಸಿ ಕೇಳಿದರು, ಹೋಗುವಾಗ ನನಗೂ ಒಂದು ಹರಳು ಕೊಟ್ಟು ಹೋದರು.

ಎರಡನೆಯ ತಿಂಗಳು ಇದ್ದಕ್ಕಿದ್ದಂತೆ ಚಪ್ಪರದ ಮುಂದೆ ಸಾಲು ನಿಂತಿತು. ಕಾರಣ ನನಗೆ ಒಂದು ವಾರದ ನಂತರ ತಿಳಿಯಿತು. ನನ್ನನ್ನು ಅವರೆಲ್ಲ ಅಕ್ಕೋರು ಎನ್ನುತ್ತಿದ್ದರು. ಖಣಿಯಲ್ಲಿ ಸುದ್ದಿ ಹಬ್ಬಿತ್ತು: ಅಕ್ಕೋರ ಡಬ್ಬಿ ಯಾರನ್ನು ಪಾಸು ಮಾಡುತ್ತದೋ ಅವರ ಹೆಸರು ಖಾಯಂ ನೌಕರಿಯ ಪಟ್ಟಿಗೆ ಹೋಗುತ್ತದೆ, ಫೇಲಾದವರದು ಇಲ್ಲ. ಯಾರು ಹಬ್ಬಿಸಿದರೋ ಗೊತ್ತಿಲ್ಲ. ನಾನಲ್ಲ. ಆದರೆ ಕೇಳಿದ ಮೇಲೆ ಅದು ಸುಳ್ಳು ಎಂದು ನಾನು ಹೇಳಲಿಲ್ಲ. ನಾಳೆ ಹೇಳೋಣ, ಇನ್ನು ಹತ್ತು ಜನ ಆಗಲಿ ಎಂದುಕೊಂಡೆ. ಆ ಹತ್ತು ಜನ ಆದ ಮೇಲೂ ಹೇಳಲಿಲ್ಲ. ಸಾಲು ಕರಗಿಹೋಗುವ ಭಯ.

ಕೊಡ್ಲಿಯ ಆ ಗಂಡಹೆಂಡತಿ ಬಂದದ್ದು ಆ ಸಾಲಿನಲ್ಲಿ. ಚಿಂಚೋಳಿ ತಾಲ್ಲೂಕಿನ ಕೊಡ್ಲಿ ಅವರ ಊರು. ಹತ್ತು ವರ್ಷದ ಹಿಂದೆ ಖಣಿಗೆ ಬಂದವರು. ಅವನು ಘಣ ಹೊಡೆಯುತ್ತಿದ್ದ, ಅಂದರೆ ದೊಡ್ಡ ಸುತ್ತಿಗೆಯಿಂದ ಬಂಡೆ ಒಡೆಯುವುದು. ಅವಳು ಬುಟ್ಟಿಯಲ್ಲಿ ಚೂರು ಹೊರುತ್ತಿದ್ದಳು. ಅವನು ಊದಿದ. ಡಬ್ಬಿ ಅರ್ಧಕ್ಕೆ ಎದ್ದು ನಿಂತಿತು. ಮತ್ತೊಮ್ಮೆ ಊದುತ್ತೇನೆ ಎಂದ. ಮೂರನೆಯ ಸಲ ಊದುವಾಗ ಕೆಮ್ಮು ಬಂದು ಮೇಜಿನ ಅಂಚು ಹಿಡಿದು ಬಗ್ಗಿದ. ಅವನ ಹೆಂಡತಿ ಬುಟ್ಟಿಯನ್ನು ಕೆಳಗಿಟ್ಟು ನಿಂತು ನೋಡುತ್ತಿದ್ದಳು.

"ಇದು ಡಬ್ಬಿ ಊದೂದು ನಮಗ ರೂಢಿ ಇಲ್ರಿ ಅಕ್ಕೋರ," ಎಂದಳು. "ಕಲ್ಲು ಒಡಿಯೂ ಮುಂದ ನೋಡ್ರಿ ಇವನ ಉಸುರು. ಅಲ್ಲಿ ಇವನೇ ಪೈಲೇ ನಂಬರ್."

ಅವಳು ಹೇಳಿದ್ದು ನನಗೆ ಬೇಕಾದದ್ದೇ ಆಗಿತ್ತು. ಕೆಲಸ ಮಾಡುತ್ತಿರುವಾಗಲೇ ಉಸಿರು ಹಿಡಿಯುವ ಪರೀಕ್ಷೆ ಬಾಕಿ ಇತ್ತು. ಅದಕ್ಕೇ ಆ ರಬ್ಬರು ಚೀಲ. ಚೀಲವನ್ನು ಬೆನ್ನಿಗೆ ಕಟ್ಟಬೇಕು. ಮೂಗಿಗೆ ಚಿಮಟ ಹಾಕಬೇಕು. ಬಾಯಲ್ಲಿ ರಬ್ಬರಿನ ತುಂಡೊಂದನ್ನು ಕಚ್ಚಿಕೊಂಡು ಐದು ನಿಮಿಷ ಎಂದಿನಂತೆ ದುಡಿಯಬೇಕು. ಬಿಟ್ಟ ಉಸಿರೆಲ್ಲ ಕೊಳವೆಯಿಂದ ಚೀಲಕ್ಕೆ ಹೋಗುತ್ತದೆ. ಕೊನೆಗೆ ಚೀಲದ ಬಾಯಿಯ ತಿರುಪು ಮುಚ್ಚಿಬಿಟ್ಟರೆ ಆಯಿತು. ನಡುವೆ ಬಾಯಿ ತೆರೆದರೆ, ಒಂದು ಮಾತಾಡಿದರೆ, ಅಷ್ಟೂ ವ್ಯರ್ಥ. ಏನೇ ಆಗಲಿ ಬಾಯಿ ಬಿಡಬಾರದು ಎಂದು ಅವನಿಗೆ ಮೂರು ದಿನ ಅಭ್ಯಾಸ ಮಾಡಿಸಿದೆ. ಇಷ್ಟು ಶ್ರದ್ಧೆಯಿಂದ ಕಲಿತವನನ್ನು ನಾನು ನನ್ನ ವಿದ್ಯಾರ್ಥಿಗಳಲ್ಲೂ ಕಂಡಿಲ್ಲ.

ಇನ್ನು ಆ ಖಣಿಯ ಒಂದು ಪದ್ಧತಿಯನ್ನು ಹೇಳಬೇಕು. ದಿನಕ್ಕೊಮ್ಮೆ ಬಂಡೆಯಲ್ಲಿ ತೂತು ಕೊರೆದು ಮದ್ದು ತುಂಬಿ ಸಿಡಿಸುತ್ತಿದ್ದರು. ಅದಕ್ಕೆ ಅಲ್ಲಿ ಸುರಂಗ ಹಚ್ಚುವುದು ಎನ್ನುತ್ತಾರೆ. ಹಚ್ಚುವವನು ಒಬ್ಬ ಮುದುಕ. ಎಲ್ಲರೂ ಚಾಚಾ ಎನ್ನುತ್ತಿದ್ದರು. ಬತ್ತಿಗೆ ಬೆಂಕಿ ಇಡುವ ಮೊದಲು ಅವನು ಮೇಲಿನ ಅಂಚಿನಲ್ಲಿ ನಿಂತು ಒಂದೊಂದು ಜೋಡಿಯನ್ನೂ ಊರಿನ ಹೆಸರಿನಿಂದ ಕೂಗುತ್ತಿದ್ದ. ನಾಲವಾರ ಜೋಡಿ, ಗುಂಡಗುರ್ತಿ ಜೋಡಿ, ಹೀಗೆ. ಅಲ್ಲಿ ಎಲ್ಲರೂ ಜೋಡಿಯಲ್ಲೇ ದುಡಿಯುವವರು. ಗಂಡಹೆಂಡತಿ, ಅಣ್ಣತಮ್ಮ, ಅತ್ತೆಸೊಸೆ. ಜೋಡಿಗೊಂದು ಓ. ಇಬ್ಬರಲ್ಲಿ ಯಾರಾದರೂ ಒಬ್ಬರು ಓ ಎಂದರೆ ಸಾಕು, ಆದರೆ ಇನ್ನೊಬ್ಬರನ್ನು ಸುರಕ್ಷಿತ ಜಾಗದಲ್ಲಿ ಕಣ್ಣಾರೆ ನೋಡಿರಬೇಕು. ಎಲ್ಲ ಓಗಳೂ ಬಂದ ಮೇಲೆ ಸೀಟಿ, ಸೀಟಿಯ ಮೇಲೆ ಬೆಂಕಿ. ಒಂದು ಓ ಬಾರದಿದ್ದರೂ ಅವನು ಬೆಂಕಿ ಇಟ್ಟದ್ದನ್ನು ಯಾರೂ ಕಂಡಿರಲಿಲ್ಲವಂತೆ. ನಾನು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೆ. ಸುರಂಗದ ಹೊತ್ತು ಊಟದ ಹೊತ್ತಿಗೆ, ಸಂತೆಯ ದಿನ ಮಾತ್ರ ಅದಕ್ಕಿಂತ ಮೊದಲು ಎಂದೂ ಬರೆದುಕೊಂಡಿದ್ದೆ. ನನ್ನದೇ ಅಕ್ಷರ. ಈಗಲೂ ಇದೆ.

ಆ ಸಂತೆಯ ದಿನ ಚಪ್ಪರದ ಹತ್ತಿರ ಮೇಲಿನ ಹಂತದಲ್ಲಿ ಅವನಿಗೆ ಚೀಲ ಕಟ್ಟಿದೆ. ಅವನ ಹೆಂಡತಿ ಬುಟ್ಟಿ ಹೊತ್ತು ದಿಬ್ಬದ ಆಚೆಗೆ ಹೋಗುವಾಗ ತಿರುಗಿ ನೋಡಿದಳು. ಗಂಡ ಕಲ್ಲಿನ ಮೇಲೆ ಕುಳಿತಿದ್ದಾನೆ, ಬೆನ್ನ ಮೇಲೆ ಚೀಲ, ಪಕ್ಕದಲ್ಲಿ ನಾನು. ಅದು ಸುರಂಗಕ್ಕೆ ಸಿಗದ ಜಾಗ. ಆಮೇಲೆ ನನಗೆ ಮೇಲಿನ ಹಂತದಲ್ಲಿ ಒಡೆಯಲು ಸರಿಯಾದ ಬಂಡೆ ಇಲ್ಲವೆನಿಸಿತು. ಚೂರುಕಲ್ಲಿನ ಮೇಲೆ ಹೊಡೆದರೆ ನಿಜವಾದ ಶ್ರಮ ಆಗುವುದಿಲ್ಲ. ಕೆಳಗಿನ ಹಂತದಲ್ಲಿ ಒಳ್ಳೆಯ ಬಂಡೆ ಕಾಣಿಸಿತು. ಯಾರೂ ಇರಲಿಲ್ಲ ಅಲ್ಲಿ. ಗದ್ದಲವಿಲ್ಲ, ಒಳ್ಳೆಯದಾಯಿತು ಎಂದುಕೊಂಡೆ. ಎಲ್ಲರೂ ಏಕೆ ಎದ್ದುಹೋಗಿದ್ದಾರೆ ಎಂದು ಯೋಚಿಸಲಿಲ್ಲ.

"ಇವತ್ತ ಸಂತಿ ಅದರಿ, ಅಕ್ಕೋರ," ಎಂದ ಅವನು.

ಸಂತೆಗೆ ಹೋಗಲು ಅವಸರ ಮಾಡುತ್ತಿದ್ದಾನೆ ಎಂದುಕೊಂಡೆ. ಐದೇ ನಿಮಿಷ, ಬಿಟ್ಟುಬಿಡುತ್ತೇನೆ ಎಂದೆ. ಅವನು ಸೂರ್ಯನನ್ನು ನೋಡಿದ, ನನ್ನನ್ನು ನೋಡಿದ. ಐದು ನಿಮಿಷಕ್ಕೆ ಹೊತ್ತಿದೆ ಎಂದು ಅವನ ಲೆಕ್ಕವಾಗಿತ್ತೋ, ಬೇಡ ಎಂದರೆ ಪಟ್ಟಿಯಿಂದ ಹೆಸರು ಹೋದೀತು ಎಂಬ ಹೆದರಿಕೆಯೋ. ಬಾಯಿಗೆ ರಬ್ಬರು ಕಚ್ಚಿಕೊಂಡ. ನಾನು ಮೂಗಿಗೆ ಚಿಮಟ ಹಾಕಿದೆ. ಸ್ಟಾಪ್‌ವಾಚ್ ಒತ್ತಿದೆ.

ಎರಡು ನಿಮಿಷ ದಾಟಿತ್ತು. ಮೇಲಿನಿಂದ ಕೂಗು ಶುರುವಾಯಿತು. ನನಗೆ ಕೇಳಿಸಿತು, ಕೇಳಿಸಲಿಲ್ಲ ಎಂದು ಹೇಳಲಾರೆ. ಒಂದೊಂದೇ ಜೋಡಿ. ಒಂದೊಂದೇ ಓ. ಊಟಕ್ಕೆ ಇನ್ನೂ ಹೊತ್ತಿದೆಯಲ್ಲ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಮಾತು ಬಂತು, ಕಣ್ಣು ಗಡಿಯಾರದ ಮುಳ್ಳಿನ ಮೇಲೇ ಇತ್ತು. "ಕೊಡ್ಲಿ ಜೋಡಿ" ಎಂದು ಕೂಗಿದ ಚಾಚಾ. ಕೊಡ್ಲಿಯವನ ಘಣ ಗಾಳಿಯಲ್ಲಿ ನಿಂತಿತು. ಅವನು ಬಾಯಿ ಬಿಡುವಂತಿಲ್ಲ. ಆಗ ದಿಬ್ಬದ ಆಚೆಯಿಂದ ಹೆಂಗಸಿನ ದನಿ ಬಂತು: ಓ.

ಇಷ್ಟು ವರ್ಷಗಳ ನಂತರವೂ ನಾನು ಹಿಂದಕ್ಕೆ ಹೋಗಿ ನಿಲ್ಲುವುದು ಅಲ್ಲೇ. ಆ ಓ ಕೇಳಿದಾಗ ನನಗೆ ಹಾಯೆನಿಸಿತು. ಇವನು ಬಾಯಿ ತೆರೆಯುವುದು ತಪ್ಪಿತು, ಚೀಲ ಉಳಿಯಿತು ಎಂದು. ಅವಳು ನೋಡಿದ್ದು ಮೇಲಿನ ಹಂತದಲ್ಲಿ ಕುಳಿತ ಗಂಡನನ್ನು. ಅವನನ್ನು ಅಲ್ಲಿಂದ ಎಬ್ಬಿಸಿ ಕೆಳಗೆ ತಂದವಳು ನಾನು. ಆ ಇಡೀ ಖಣಿಯಲ್ಲಿ ಆ ಓ ಸುಳ್ಳು ಎಂದು ಗೊತ್ತಿದ್ದವರು ಇಬ್ಬರೇ. ಒಬ್ಬನ ಬಾಯಲ್ಲಿ ರಬ್ಬರು, ಇನ್ನೊಬ್ಬಳ ಕೈಯಲ್ಲಿ ಗಡಿಯಾರ.

ಅವನು ನನ್ನ ಕಡೆ ತಿರುಗಿ ಬೆರಳು ಮೇಲಕ್ಕೆ ಮಾಡಿದ. ಎಷ್ಟು ಹೊತ್ತು ಉಳಿದಿದೆ ಎಂದು ಕೇಳುತ್ತಿದ್ದಾನೆ ಎಂದುಕೊಂಡು ನಾನು ಎರಡು ಬೆರಳು ತೋರಿಸಿದೆ. ಅವನು ಮತ್ತೆ ಘಣ ಎತ್ತಿದ. ಒಂದು ಏಟು ಹೊಡೆದ. ಇನ್ನೊಂದು. ಮೂರನೆಯದಕ್ಕೆ ಎತ್ತಿದ್ದನ್ನು ಇಳಿಸಲಿಲ್ಲ. ಸೀಟಿ ಕೇಳಿತು.

ಅವನು ಘಣ ಬಿಸಾಡಿ ನನ್ನ ತೋಳು ಹಿಡಿದ. ಬಂಡೆಯ ಬುಡದಲ್ಲಿ ಪದರು ಕಿತ್ತು ಹೋಗಿ ಒಂದು ಸಂದಿನಂತಾಗಿತ್ತು. ಕುಕ್ಕರಗಾಲಲ್ಲಿ ಕೂತರೆ ಇಬ್ಬರು ಹಿಡಿಯುವಷ್ಟು. ನನ್ನನ್ನು ಒಳಕ್ಕೆ ದೂಡಿದ. ಆಮೇಲೆ ತಾನು ಬರಲಿಲ್ಲ, ಒಂದು ಕ್ಷಣ ಹೊರಗೇ ನಿಂತ. ಹಿಂದಕ್ಕೆ ಕೈ ಹಾಕಿ, ತಡಕಾಡಿ, ಚೀಲದ ತಿರುಪು ಮುಚ್ಚಿದ. ನಾನು ಕಲಿಸಿದಂತೆ ಕೊನೆಯವರೆಗೆ ತಿರುಗಿಸಿ ಮುಚ್ಚಿದ. ಅದಾದ ಮೇಲೆಯೇ ಬಾಯಿಂದ ರಬ್ಬರು, ಮೂಗಿನಿಂದ ಚಿಮಟ ತೆಗೆದು, ತುಂಬಿದ ಚೀಲವನ್ನು ಬೆನ್ನಿಂದ ಕಳಚಿ ಎದೆಗೆ ಅವಚಿಕೊಂಡು ಒಳಗೆ ನುಗ್ಗಿದ.

ಸಿಡಿತದ ಬಗ್ಗೆ ನನಗೆ ಹೇಳಲು ಹೆಚ್ಚು ಇಲ್ಲ. ಸದ್ದು ಕಿವಿಗೆ ಬರುವ ಮೊದಲು ನೆಲದಿಂದ ಹಲ್ಲಿಗೆ ಬಂತು. ಸಂದಿನ ಬಾಯಿಗೆ ಕಲ್ಲು ಬಿದ್ದವು. ಬೆಳಕು ಹೋಗಿ ಬಿಳಿಯ ದೂಳು ಬಂತು. ಅವನು ಕಣ್ಣು ಮುಚ್ಚಿ ಒಂದೊಂದು ಸಿಡಿತಕ್ಕೆ ಒಂದೊಂದು ಬೆರಳು ಮಡಚುತ್ತಿದ್ದ. ಆರು ಬೆರಳು ಮಡಚಿ ನಿಂತ. ಕಾದ. ಏಳನೆಯದು ಬರಲಿಲ್ಲ.

ಆ ದಿನ ಕೊರೆದದ್ದು ಏಳು ತೂತು. ಒಂದು ಸಿಡಿಯದೆ ಉಳಿದಿದೆ. ಉಳಿದದ್ದು ಈ ಕ್ಷಣವೂ ಸಿಡಿಯಬಹುದು, ಸಿಡಿಯದೆಯೂ ಇರಬಹುದು. ಅಂಥ ಸಮಯದಲ್ಲಿ ಒಂದು ತಾಸು ಯಾರೂ ಕೆಳಗೆ ಇಳಿಯುವಂತಿಲ್ಲ, ಕೆಳಗಿದ್ದವರು ಹೊರಗೆ ಬರುವಂತಿಲ್ಲ. ಕೆಳಗೆ ಯಾರೂ ಇಲ್ಲ ಎಂದೇ ಮೇಲಿನವರೆಲ್ಲ ನಂಬಿದ್ದರು.

ಅವನು ಕೂಗಲು ನೋಡಿದ. ಓ ಎನ್ನಲು ಬಾಯಿ ತೆರೆದ, ದನಿ ಗಂಟಲು ದಾಟಲಿಲ್ಲ. ಮತ್ತೆ ನೋಡಿದ. ಕೆಮ್ಮು ಬಂತು, ಆ ದೂಳಿನಲ್ಲಿ ಕೆಮ್ಮಿದಷ್ಟೂ ಮತ್ತೆ ದೂಳೇ ಒಳಗೆ. ನಾನು ಕೂಗಿದೆ. ತರಗತಿಯಲ್ಲಿ ಹಿಂದಿನ ಬೆಂಚಿಗೂ ಕೇಳುವ ನನ್ನ ದನಿ ಆ ಕಲ್ಲಿನ ಗುಂಡಿಯಿಂದ ಮೇಲೇರಲಿಲ್ಲ. ಸೆರಗು ಒದ್ದೆ ಮಾಡಿ ಅವನ ಮೂಗಿಗೆ ಹಿಡಿಯೋಣವೆಂದರೆ ನೀರಿರಲಿಲ್ಲ. ಸೆರಗನ್ನೇ ಹಿಡಿದೆ. ಅವನ ಬೆನ್ನು ನನ್ನ ಮೊಣಕಾಲಿಗೆ ತಾಗಿತ್ತು. ಉಸಿರು ಎಳೆದಾಗ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಹೋಗುತ್ತಿತ್ತು. ಬಿಡುವಾಗ ಸಿಳ್ಳೆಯಂಥ ಸದ್ದು, ಬಿಟ್ಟದ್ದು ಪೂರ್ತಿ ಹೊರಗೆ ಬರುತ್ತಿರಲಿಲ್ಲ. ಗಾಳಿ ಒಳಗೇ ಸಿಕ್ಕಿಕೊಳ್ಳುವುದು ಎಂದು ನಾನು ಪಾಠದಲ್ಲಿ ಹೇಳುತ್ತಿದ್ದೆ. ಸ್ಟಾಪ್‌ವಾಚ್ ಇನ್ನೂ ನನ್ನ ಕೈಯಲ್ಲಿ ಓಡುತ್ತಿತ್ತು. ನಾಚಿಕೆಯಾದರೂ ಹೇಳುತ್ತೇನೆ, ನಾನು ಅವನ ಉಸಿರು ಎಣಿಸಿದೆ. ಬೇರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ತುಟಿ ಕಿರಿದು ಮಾಡಿ ಮೆಲ್ಲಗೆ ಬಿಡಿ, ಬಿಸಿ ಹಾಲು ಆರಿಸುವ ಹಾಗೆ ಊದಿ ಎಂದೆ. ಅದು ಪುಸ್ತಕದ ಮಾತು, ಯಾರಿಗೂ ಮಾಡಿಸಿ ನೋಡಿದ್ದಲ್ಲ. ಅವನು ಹಾಗೆಯೇ ಮಾಡಿದ. ನಾನೂ ಜೊತೆಗೆ ಊದಿದೆ. ಎಷ್ಟೋ ಹೊತ್ತಿನ ಮೇಲೆ ಸಿಳ್ಳೆ ಸ್ವಲ್ಪ ಇಳಿಯಿತು. ಆಗ ಅವನು ಚೀಲದ ಮೇಲೆ ಕೈಯಿಟ್ಟು ಕೇಳಿದ:

"ನಂದು ಪಾಸ್ ಆಯ್ತೇನ್ರಿ?"

ಅಂಥ ಜಾಗದಲ್ಲಿ ಇದ್ದುಕೊಂಡು ಅವನು ಕೇಳಿದ್ದು ಇದು. ಚೀಲದೊಳಗೆ ಏನಿದೆ ಎಂದು ಅಳೆಯದೆಯೇ ನನಗೆ ಗೊತ್ತಿತ್ತು. ಮೊಣಕಾಲಿಗೆ ತಾಗಿದ ಬೆನ್ನು ಹೇಳುತ್ತಿತ್ತು. ಪಾಸು ಮಾಡುವ ಪಟ್ಟಿಯೇ ಇಲ್ಲ ಎಂಬುದೂ ಗೊತ್ತಿತ್ತು.

"ಆಗ್ಯಾದ," ಎಂದೆ. "ನೀವ ಮಾತಾಡಬ್ಯಾಡ್ರಿ. ಸುಮ್ನ ಊದ್ರಿ."

ಅವನು ಮತ್ತೆ ಊದತೊಡಗಿದ. ಚೀಲವನ್ನು ಮಾತ್ರ ಬಿಡಲಿಲ್ಲ.

ಮೇಲೆ ಅವನ ಹೆಂಡತಿ ಚಪ್ಪರಕ್ಕೆ ಬಂದು ನೋಡಿ, ಅಲ್ಲಿ ನಾವಿಲ್ಲವೆಂದು ಕಂಡಳಂತೆ. ತಾನು ಕೂಗಿದ ಓ ಏನು ಮಾಡಿತೆಂದು ಅವಳಿಗೆ ಆಗ ತಿಳಿಯಿತು. ಗುಂಡಿಯೊಳಗೆ ಇಳಿಯಲು ಹೊರಟವಳನ್ನು ನಾಲ್ಕು ಜನ ಹಿಡಿದು ಕೂರಿಸಿದರಂತೆ. ಚಾಚಾ ತಾಸು ತುಂಬುವವರೆಗೆ ಕಾಯಲಿಲ್ಲ. ಒಂದು ಕೊಡ ನೀರು ಹೊತ್ತು ತಾನೊಬ್ಬನೇ ಇಳಿದು ಬಂದ. ಏಳನೆಯ ತೂತಿಗೆ ನೀರು ಸುರಿದು, ಅದು ಸತ್ತಿತೆಂದು ಖಾತ್ರಿ ಮಾಡಿಕೊಂಡು, ನಮ್ಮ ಸಂದಿನ ಬಾಯಿಯ ಕಲ್ಲು ಸರಿಸಿದ. ನನ್ನ ಮುಖ ನೋಡದೆ ಮೊದಲು ಕೊಡ್ಲಿಯವನನ್ನು ಹೊರಗೆಳೆದ. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅವಳು ಗಂಡನನ್ನು ಮುಟ್ಟಿ ನೋಡಿದಳು, ತಲೆ, ತೋಳು, ಕಾಲು. ಆಮೇಲೆ ನನ್ನ ಹತ್ತಿರ ಬಂದಳು.

"ನಾ ಅಂತೂ ಇವ ಕೆಳಗ ಇಳದದ್ದು ನೋಡಲಿಲ್ಲ, ಓ ಅಂದೆ," ಎಂದಳು. "ನೀವ ಕಣ್ಣ ಮುಂದ ಇಟ್ಕೊಂಡು ಕುಂತಿದ್ರಿ. ನಿಮಗ ಇಲ್ಲ ಅನ್ನಲಿಕ್ಕ ಏನಾಗಿತ್ರಿ?"

ಅಂದೇ ಸಂಜೆ ಆ ಚೀಲದ ಗಾಳಿಯನ್ನು ಗಾಜಿನ ಕೊಳವೆಗೆ ತುಂಬಿಕೊಂಡು ಕಾಲೇಜಿನ ಪ್ರಯೋಗಾಲಯಕ್ಕೆ ಹೋದೆ. ಹೋಗದಿರಬಹುದಿತ್ತು. ಅವನು ಅಷ್ಟು ಕಷ್ಟದಲ್ಲಿ ಮುಚ್ಚಿದ್ದನ್ನು ಚೆಲ್ಲಲಾರೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ಅದು ನನಗೂ ಬೇಕಿತ್ತು. ಸೋರಿಕೆಯಿಲ್ಲದ, ನನ್ನ ಇಡೀ ಸಂಶೋಧನೆಯಲ್ಲೇ ಎಲ್ಲಕ್ಕಿಂತ ಶುದ್ಧವಾದ ಮಾದರಿ ಅದು. ಉತ್ತರ ನಾನು ಎಣಿಸಿದ್ದೇ. ಮೂವರಿಗಾಗುವಷ್ಟು ಗಾಳಿ ಎಳೆದು ಒಬ್ಬನಿಗೂ ಸಾಲದಷ್ಟು ಪ್ರಾಣವಾಯು ಹೀರುತ್ತಿತ್ತು ಆ ಎದೆ. ಮಾರ್ಗದರ್ಶಕರು ಅಂಕಿಗಳನ್ನು ಬಹಳ ಹೊತ್ತು ನೋಡಿದರು. ಈ ಸಲ ಯಂತ್ರದ ಮಾತು ಎತ್ತಲಿಲ್ಲ. ಪ್ರಬಂಧದ ವಾದವನ್ನು ಬದಲಿಸಿ ಬರೆ ಎಂದರು. ನನ್ನ ಪಿಎಚ್.ಡಿ. ದಾರಿಗೆ ಬಂದದ್ದು ಆ ದಿನ.

ವಾರದ ನಂತರ ಗಂಡಹೆಂಡತಿ ಇಬ್ಬರೂ ವಾಡಿ ಸ್ಟೇಷನ್ನಿನಲ್ಲಿ ನನಗಾಗಿ ಕಾದಿದ್ದರು. ಒಗೆದ ಬಟ್ಟೆ ಉಟ್ಟುಕೊಂಡು ಬಂದಿದ್ದರು. ಪಾಸಾದ ಕಾಗದ ಬೇಕು. ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿ ಎಲ್ಲವನ್ನೂ ಹೇಳಿದೆ. ಪಟ್ಟಿ ಇಲ್ಲ. ಎಂದೂ ಇರಲಿಲ್ಲ. ನಿಮ್ಮ ಎದೆ ಕೆಟ್ಟಿದೆ, ದೂಳು ಬಿಡದಿದ್ದರೆ ಇನ್ನೂ ಕೆಡುತ್ತದೆ. ಬೆಲ್ಲದಿಂದ ಇಳಿಯುವುದಿಲ್ಲ.

"ಒಳಗ ಕುಂತಾಗ ಪಾಸ್," ಎಂದಳು ಅವಳು. "ಹೊರಗ ಬಂದ ಮ್ಯಾಲ ಫೇಲ್ ಏನ್ರಿ?"

ಅವನು ಬೆರಳಿನಲ್ಲಿ ತಿರುಪು ತಿರುಗಿಸಿದಂತೆ ಮಾಡಿ ತೋರಿಸಿದ. "ಹಂಗಾದ್ರ ನಾ ಆ ತಿರುಪು ಯಾಕ ಮುಚ್ಚಿದೆನ್ರಿ?" ಎಂದು ಕೇಳಿದ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳುವವನಂತೆ.

ಏನಾದರೂ ಮಾಡಲೇಬೇಕಿತ್ತು. ಕಾಲೇಜಿನ ಕಾಗದದ ಮೇಲೆ, ಮೊಹರು ಹಾಕಿ, ಗುತ್ತಿಗೆದಾರನಿಗೆ ಒಂದು ಪತ್ರ ಬರೆದೆ. ಈತನ ಶ್ವಾಸಕೋಶ ದುರ್ಬಲವಾಗಿದೆ, ದೂಳಿಲ್ಲದ ಕಡೆ, ತೂಕದ ಕಟ್ಟೆಯಲ್ಲೋ ಕಾವಲಿಗೋ ಹಾಕಬೇಕೆಂದು ವಿನಂತಿ. ಒಳ್ಳೆಯ ಪತ್ರವಾಗಿತ್ತು. ಎರಡು ಸಲ ತಿದ್ದಿ ಬರೆದಿದ್ದೆ. ಗುತ್ತಿಗೆದಾರ ಮೊದಲ ಅರ್ಧವನ್ನು ಓದಿದ. ಮರುದಿನದಿಂದ ಕೊಡ್ಲಿ ಜೋಡಿಗೆ ಖಣಿಯಲ್ಲಿ ಕೆಲಸವಿರಲಿಲ್ಲ. ರೋಗಿಯನ್ನು ಇಟ್ಟುಕೊಂಡು ನಾಳೆ ಏನಾದರೂ ಆದರೆ ನನ್ನ ತಲೆಗೆ ಬರುತ್ತದೆ, ಅದೂ ಬರಹದಲ್ಲಿ ಇದೆ ಎಂದನಂತೆ. ಒಬ್ಬನ ಎದೆಗಾಗಿ ಇಬ್ಬರನ್ನೂ ತೆಗೆದ. ಇದನ್ನು ನನಗೆ ಹೇಳಿದವನು ಚಾಚಾ. ಹೇಳುವಾಗಲೂ ಅವನು ನನ್ನ ಮುಖ ನೋಡಲಿಲ್ಲ.

ನಾನು ಕೊಡ್ಲಿಗೆ ಹೋದೆ. ಚಿಂಚೋಳಿ ಕಡೆಯ ಬಸ್ಸು ಹಿಡಿದು ಇಳಿದು, ಕೇಳುತ್ತ ಕೇಳುತ್ತ ಮನೆ ಹುಡುಕಿದೆ. ತೊಗರಿ ರಾಶಿಯ ದಿನಗಳು. ಅವಳು ಯಾರದೋ ಹೊಲದಲ್ಲಿ ಕೆಲಸಕ್ಕೆ ಹೋಗಿದ್ದಳು. ಅವನು ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಎದ್ದು ನಿಲ್ಲಲು ಹೋದ, ಬೇಡವೆಂದೆ. ದೂಳು ತಪ್ಪಿದ್ದರಿಂದಲೋ ಏನೋ ಕೆಮ್ಮು ಕಡಿಮೆಯಾಗಿತ್ತು. ಆದರೆ ರೊಟ್ಟಿ ಒಂದಕ್ಕೆ ಇಳಿದಿತ್ತು. ಈ ಸಲ ಅವನು ಸುಳ್ಳು ಹೇಳಲಿಲ್ಲ. ಹಾಲು ಆರಿಸುವ ಹಾಗೆ ಊದುವುದನ್ನು ದಿನಾ ಮಾಡುತ್ತೇನೆ, ಅದರಿಂದ ಮೆಟ್ಟಿಲು ಹತ್ತಲು ಆಗುತ್ತದೆ ಎಂದ. ನಾನು ತಪ್ಪಾಯಿತು ಎಂದು ಹೇಳಲು ಬಂದವಳು. ಅವನು ಅದನ್ನು ಹೇಳಗೊಡಲಿಲ್ಲ. ಅದಕ್ಕಿಂತ ಮೊದಲು ಅವನದೊಂದು ಪ್ರಶ್ನೆ ಇತ್ತು.

"ಉಳದ ಮಂದೀಗಿ ಹೇಳೀರೇನ್ರಿ?"

ಯಾವ ಮಂದಿಗೆ ಎಂದು ಕೇಳುವ ಅಗತ್ಯವಿರಲಿಲ್ಲ. ಅವನ ಹಿಂದೆ, ಮುಂದೆ, ಆ ಸಾಲಿನಲ್ಲಿ ನಿಂತು ಊದಿದವರು. ಅವರ ಡಬ್ಬಿಯೂ ಅರ್ಧಕ್ಕೆ ನಿಂತದ್ದನ್ನು ಅವನು ಸಾಲಿನಲ್ಲಿ ನಿಂತೇ ನೋಡಿದ್ದ. ನಾನು ಅವರ ಅಂಕಿಗಳನ್ನು ಕೋಷ್ಟಕಕ್ಕೆ ಏರಿಸಿದ್ದೆ, ಸರಾಸರಿ ತೆಗೆದಿದ್ದೆ. ಹೇಳಿರಲಿಲ್ಲ.

ಸೇಡಂಗೆ ಬಂದು ಒಂದು ವಾರ ಕೂತು ಬರೆದೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಕೋಟೆ. ಎದೆ ಹೇಗಿದೆ, ಏನು ಮಾಡಬೇಕು, ಹೇಗೆ ಊದಬೇಕು, ಯಾವ ದವಾಖಾನೆಗೆ ಹೋಗಬೇಕು. ಸುಲಭವಾದ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ. ಓದಲು ಬಾರದವರಿಗೆ ನಾನೇ ಪಕ್ಕಕ್ಕೆ ಕರೆದು ಹೇಳುವುದೆಂದು ಗುರುತು ಮಾಡಿಕೊಂಡೆ. ಈ ಸಲ ಗುತ್ತಿಗೆದಾರನಿಗೆ ಏನೂ ಇಲ್ಲ, ಮೊಹರೂ ಇಲ್ಲ.

ಊಟದ ಹೊತ್ತಿಗೆ ಖಣಿಗೆ ಹೋದೆ. ಎಲ್ಲರೂ ದಿಬ್ಬದ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಬರ್ರಿ ಅಕ್ಕೋರ, ಕುಂದ್ರಿ ಎಂದು ಜಾಗ ಮಾಡಿಕೊಟ್ಟರು. ರೊಟ್ಟಿಯ ಮೇಲೆ ಶೇಂಗಾ ಚಟ್ನಿಯ ಹಿಂಡಿ ಹಾಕಿ ಕೈಗೆ ಕೊಟ್ಟರು. ನಾನು ಮೊದಲ ಲಕೋಟೆ ತೆಗೆದು ನಾಲವಾರದವನ ಕಡೆ ಚಾಚಿದೆ. ಅವನು ಕೈ ಒರೆಸಿಕೊಂಡ, ಆದರೆ ಚಾಚಲಿಲ್ಲ. ಅದು ತನ್ನದಲ್ಲ ಎಂದ. ನಿಮ್ಮ ಹೆಸರೇ ಇದೆ ಎಂದೆ. ಆ ಹೆಸರಿನವನು ಕೆಲಸ ಬಿಟ್ಟು ಹೋದ, ನಾನು ಬೇರೆ ಎಂದ, ಪಕ್ಕದಲ್ಲಿದ್ದವರು ಹೌದೆಂದರು. ಗುಂಡಗುರ್ತಿಯವನು ತನ್ನ ಉಸಿರು ಕುದುರೆಯ ಉಸಿರು, ಅದಕ್ಕೆ ಕಾಗದ ಏಕೆ ಎಂದು ನಕ್ಕ. ನಗುವಾಗ ಕೆಮ್ಮು ಬಂತು, ಅದನ್ನು ನುಂಗಿಕೊಂಡ. ಅತ್ತೆಸೊಸೆಯ ಜೋಡಿಯಲ್ಲಿ ಅತ್ತೆ, ನಾವು ಊದಲೇ ಇಲ್ಲವಲ್ಲ ತಾಯಿ, ನಿಮಗೆ ನೆನಪು ತಪ್ಪಿದೆ ಎಂದಳು. ಪಕ್ಕಕ್ಕೆ ಕರೆದು ಹೇಳುವುದಂತೂ ಆಗಲೇ ಇಲ್ಲ. ನಾನು ಯಾರ ಹತ್ತಿರ ಹೋದರೂ ಅವರು ಮೆಲ್ಲಗೆ ನಾಲ್ಕು ಜನರ ನಡುವೆ ಹೋಗಿ ನಿಲ್ಲುತ್ತಿದ್ದರು. ಯಾರೂ ಒರಟಾಗಿ ಮಾತಾಡಲಿಲ್ಲ. ಇನ್ನೊಂದು ರೊಟ್ಟಿ ತಿನ್ನಿ ಎಂದರು. ನನ್ನ ಕೈಯ ಕಾಗದದಿಂದ ಏನಾಗುತ್ತದೆ ಎಂಬುದನ್ನು ಅವರು ಕೊಡ್ಲಿ ಜೋಡಿಯ ಖಾಲಿ ಜಾಗದಲ್ಲಿ ನೋಡಿದ್ದರು.

ಸುರಂಗದ ಹೊತ್ತಾಯಿತೆಂದು ಚಾಚಾ ಎದ್ದ. ನಾನು ಎಲ್ಲರ ಜೊತೆ ಮೇಲಕ್ಕೆ ಹೋಗಿ, ಅವನು ತೋರಿಸಿದ ಕಡೆ, ಅವನ ಕಣ್ಣಿಗೆ ಕಾಣುವಂತೆ ನಿಂತೆ. ಅವನು ಜೋಡಿಗಳನ್ನು ಕೂಗಿದ. ಸಿಡಿತ ಮುಗಿದ ಮೇಲೆ ಎಲ್ಲರೂ ದೂಳಿನೊಳಗೆ ಇಳಿದರು.

ಪ್ರಬಂಧ ಒಪ್ಪಿತವಾಯಿತು. ಅದರ ಮೇಲೆಯೇ ನನ್ನ ಮುಂದಿನ ನೌಕರಿ, ಬಡ್ತಿ, ಲೇಖನಗಳು. ಈಗ ನನ್ನ ವಿದ್ಯಾರ್ಥಿಗಳು ಆ ರಬ್ಬರನ್ನು ಕಚ್ಚುವಾಗ, ಬೇಡವೆನಿಸಿದ ಕ್ಷಣ ಉಗುಳಿಬಿಡಿ ಎಂದು ನಾನು ಹತ್ತು ಸಲ ಹೇಳುತ್ತೇನೆ. ಅವರು ಕೇಳಿ ಕೇಳಿ ಬೇಸತ್ತು ತಲೆಯಾಡಿಸುತ್ತಾರೆ. ಲಕೋಟೆಗಳು ನನ್ನ ಕಪಾಟಿನಲ್ಲಿವೆ, ಅಂಟಿಸಿದ ಹಾಗೆಯೇ. ಹೊರಗೆ ಹೆಸರಿದೆ, ಒಳಗೆ ಏನಿದೆಯೆಂದು ನನಗೊಬ್ಬಳಿಗೇ ಗೊತ್ತು. ಅವುಗಳನ್ನು ಕೊಡಲು ಆ ಖಣಿಗೆ ನಾನು ಇನ್ನೂ ಎರಡು ಸಲ ಹೋದೆ. ಎರಡು ಸಲವೂ ಊಟ ಮಾಡಿಸಿ ಕಳಿಸಿದರು.